ಕುಟ್ಟ ಬಸ್ಸಿನ ಅಣ್ಣ

ಅಣ್ಣ ಹೋದ ದಿನ ವಯನಾಡಿನ ತೃಶ್ಶಿಲೇರಿಯ ಅವರ ಮನೆಯಂಗಳದಲ್ಲಿ ಯಾರೋ ದೂರದ ನೆಂಟರು, "ಪಾಪ, ಬಸ್ಸಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಮನುಷ್ಯ ಮನುಷ್ಯನಾಗಿರಲಿಲ್ಲ" ಅಂದರು. ನನಗೆ ಮೈ ಉರಿಯಿತು. ಸಾವಿನ ಮನೆ, ಜಗಳ ಆಡೋ ಜಾಗವಲ್ಲ ಅಂತ ತುಟಿ ಕಚ್ಚಿಕೊಂಡೆ. ಬಿದ್ದದ್ದು ನಿಜ. ಆಮೇಲೆ ಕೆಲವು ತಿಂಗಳು ಅವರು ಇದ್ದೂ ಇಲ್ಲದಂತಿದ್ದದ್ದೂ ನಿಜ. ಆದರೆ ಅದಾದಮೇಲೆ ಎಷ್ಟೋ ವರ್ಷ, ಮೊನ್ನೆ ಹೃದಯ ನಿಂತ ಬೆಳಿಗ್ಗೆಯವರೆಗೂ, ಅವರು ಪೂರ್ತಿ ಮನುಷ್ಯರಾಗಿಯೇ ಇದ್ದರು. ಆ ನೆಂಟರಿಗೆ ಅವತ್ತು ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಅವರು ಮಾನಂತವಾಡಿಯಿಂದ ತೋಲ್ಪೆಟ್ಟಿ ಮೇಲೆ ಕುಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು, ಆ ದಾರಿಯವರಿಗೆಲ್ಲ ಅಣ್ಣ. ನಾನು ತೋಲ್ಪೆಟ್ಟಿಯ ಸ್ಕೂಲಿನಲ್ಲಿ ಟೀಚರು. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ಮಲಯಾಳ, ನಡುವೆ ಅಣ್ಣನ ಬಸ್ಸು. ಬಸ್ಸಿನಲ್ಲಿ ಎರಡೂ ನಡೆಯುತ್ತಿತ್ತು. ಮಲಯಾಳದಲ್ಲಿ ಒಬ್ಬರನ್ನು ಹತ್ತಿಸಿಕೊಂಡು, ಕನ್ನಡದಲ್ಲಿ ಇನ್ನೊಬ್ಬರನ್ನು ಇಳಿಸಿ, ಎರಡನ್ನೂ ಕಲಸಿ ಡ್ರೈವರಿಗೆ ಬೈದು, ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಎಂಥ ತಿರುವಿನಲ್ಲೂ ಕಂಬಿ ಹಿಡಿಯುತ್ತಿರಲಿಲ್ಲ. ಅಂಥ ಕಾಡುರೋಡಿನಲ್ಲಿ ಕೈಯಲ್ಲಿ ಟಿಕೆಟ್ ಮೆಷಿನ್, ಕಂಕುಳಲ್ಲಿ ಬ್ಯಾಗು, ಬಾಯಿ ತುಂಬ ಮಾತು, ಕಾಲು ಮಾತ್ರ ನೆಟ್ಟ ಹಾಗೆ. ಒಮ್ಮೆ ನಾನು ಕೇಳಿದ್ದೆ, ಬೀಳಲ್ವಾ ಅಂತ. "ಬಸ್ಸು ಎತ್ತ ವಾಲುತ್ತೆ ಅಂತ ಕಾಲಿಗೆ ನನಗಿಂತ ಮೊದಲು ಗೊತ್ತಾಗುತ್ತೆ ಟೀಚರೇ, ನಾನು ಅದರ ವಿಷಯಕ್ಕೆ ಹೋಗಲ್ಲ" ಅಂದರು.

ಯಾರು ಎಲ್ಲಿ ಇಳಿಯಬೇಕು ಅಂತ ಅವರು ಕೇಳುತ್ತಿರಲಿಲ್ಲ. ಮುಖ ನೋಡಿ ಟಿಕೆಟ್ ಹರಿಯುತ್ತಿದ್ದರು. ರಸ್ತೆಯಲ್ಲಿ ಆನೆ ನಿಂತರೆ ಬಸ್ಸಿನೊಳಗೆ ಎಲ್ಲರನ್ನೂ ಸುಮ್ಮನಿರಿಸಿ, "ರೋಡು ಅವರದ್ದು, ನಮ್ಮ ಹತ್ರ ಇರೋದು ಬರೀ ಪರ್ಮಿಟ್" ಅನ್ನುತ್ತಿದ್ದರು. ಕಾಡಿನ ಹಾಡಿಯಿಂದ ಒಬ್ಬ ಮುದುಕಿ ಜೇನುತುಪ್ಪದ ಡಬ್ಬಿ ಹಿಡಿದು ಹತ್ತುತ್ತಿದ್ದಳು. ಒಮ್ಮೆ ಇಸ್ತ್ರಿ ಷರಟಿನವನೊಬ್ಬ ಪಕ್ಕದಲ್ಲಿ ಅವಳು ಕೂತದ್ದಕ್ಕೆ ಮುಖ ಸಿಂಡರಿಸಿದ. ಅಣ್ಣ ಬಹಳ ವಿನಯದಿಂದ, "ಸಾರ್, ಅವರ ಕಾಡಿನ ಮಧ್ಯೆ ನಾವು ಬಸ್ಸು ಓಡಿಸ್ತಿದ್ದೀವಿ, ಅವರು ಏನೂ ಅಂದಿಲ್ಲ. ನೀವು ಒಂಚೂರು ಸರೀರಿ" ಅಂದರು. ಅವನು ಸರಿದ.

ಮದುವೆಯಾಗಿ ಹೊರಟ ಹುಡುಗಿಯೊಬ್ಬಳು ಕಾಟಿಕುಳಂ ದಾಟುವವರೆಗೂ ಬಿಕ್ಕುತ್ತಿದ್ದಳು. ಪಕ್ಕದಲ್ಲಿ ಗಂಡ ಏನು ಮಾಡಬೇಕೆಂದು ತಿಳಿಯದೆ ಕಿಟಕಿಯಾಚೆ ನೋಡುತ್ತ ಕೂತಿದ್ದ. ಅಣ್ಣ ಅವನನ್ನು ಮಗನ ಹಾಗೆ ಕರೆದು, "ಏ ಮೋನೇ, ಆಚೆ ಜಿಂಕೆ ನಾಳೇನೂ ಇರುತ್ತೆ, ಈಚೆ ನೋಡು" ಅಂದರು. ಇಡೀ ಬಸ್ಸು ನಕ್ಕಿತು, ಹುಡುಗಿಯೂ ಅಳುತ್ತಲೇ ನಕ್ಕಳು. ನನ್ನ ಬುತ್ತಿಯ ವಾಸನೆ ಹಿಡಿದು ಇವತ್ತು ಯಾವ ಪಲ್ಯ ಅಂತ ಹೇಳುವುದಂತೂ ದಿನಾ ಇದ್ದದ್ದೇ. ತಪ್ಪು ಹೇಳಿದ ದಿನ ಒಪ್ಪಿಕೊಳ್ಳುತ್ತಿರಲಿಲ್ಲ, ನನ್ನ ಅಡುಗೆಯೇ ಸರಿಯಿಲ್ಲ ಅನ್ನುತ್ತಿದ್ದರು.

ಅವರು ಬಿದ್ದದ್ದು ಒಂದು ಮಳೆಗಾಲದ ಸಂಜೆ. ತೋಲ್ಪೆಟ್ಟಿ ದಾಟಿದ ಮೇಲೆ ಜಿಂಕೆಗಳು ಅಡ್ಡ ಬಂದವು, ಡ್ರೈವರು ಬ್ರೇಕ್ ಒತ್ತಿದ, ಬಾಗಿಲಲ್ಲಿದ್ದ ಅಣ್ಣ ಹೊರಗೆ ಬಿದ್ದು ಮೋರಿಯ ಕಲ್ಲಿಗೆ ತಲೆ ಹೊಡೆಸಿಕೊಂಡರು. ಯಾರದ್ದೂ ತಪ್ಪಿರಲಿಲ್ಲ. ಕೋಯಿಕ್ಕೋಡಿಗೆ ಒಯ್ದರು, ತಲೆ ಆಪರೇಷನ್ ಆಯಿತು. ಬದುಕಿದರೆ ಹೆಚ್ಚು ಅಂತ ಎಲ್ಲರೂ ಅಂದುಕೊಂಡಿದ್ದಾಗ ಬದುಕಿದರು. ಮನೆಗೆ ಬಂದರು. ಓಣಂ ಹೊತ್ತಿಗೆ ಒಬ್ಬರೇ ದೇವಸ್ಥಾನಕ್ಕೆ ನಡೆದು ಹೋಗಿ ಬರುವಷ್ಟಾದರು. ನೋಡಲು ಹೋದ ನನ್ನ ಚೀಲ ಮೂಸಿ, "ಬಾಳೆಹಣ್ಣು ತಂದಿದ್ದೀರಿ, ಅದೂ ಕಾಯಿ" ಅಂದರು. ಸದ್ಯ, ನಮ್ಮ ಅಣ್ಣ ನಮಗೆ ಸಿಕ್ಕಿದರು ಅಂತ ಖುಷಿಯಿಂದ ಬಂದೆ.

ಆಮೇಲೆ ನಡೆದದ್ದನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ನಮ್ಮ ಊರಿನವರು ಅಲ್ಲದೆ ಬೇರೆ ಯಾರೂ ಅಷ್ಟು ಪ್ರೀತಿಯಿಂದ ಅಷ್ಟು ದೊಡ್ಡ ತಪ್ಪು ಮಾಡಲಾರರು.

ಮನೆಯಲ್ಲಿ ಕೂತು ಬೇಜಾರಾಗಬಾರದು, ಬಸ್ಸಿನಲ್ಲಿ ಕೂತರೆ ಮೊದಲಿನ ಹಾಗೆ ಆಗುತ್ತಾರೆ ಅಂತ ಡ್ರೈವರಿಗೆ ಹೊಳೆಯಿತು. ದಿನಾ ಬೆಳಿಗ್ಗೆ ಅವರ ಮನೆಯ ಓಣಿಯ ತುದಿಯಲ್ಲಿ ಬಸ್ಸು ನಿಲ್ಲುತ್ತಿತ್ತು. ಡ್ರೈವರು ಒಂದು ಕಡೆ, ಅಣ್ಣನ ತಮ್ಮ ಇನ್ನೊಂದು ಕಡೆ ತೋಳು ಹಿಡಿದು ತಂದು ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು. ಬಿದ್ದ ಮನುಷ್ಯ ಇನ್ನೊಮ್ಮೆ ಬೀಳಬಾರದು, ಅಷ್ಟೇ ಅವರ ತಲೆಯಲ್ಲಿದ್ದದ್ದು. ಕುಟ್ಟದಲ್ಲಿ ಇಬ್ಬರು ಇಳಿಸುತ್ತಿದ್ದರು, ಚಹಾ ಕುಡಿಸುತ್ತಿದ್ದರು, ಇಬ್ಬರು ಹತ್ತಿಸುತ್ತಿದ್ದರು. ದಾರಿಯುದ್ದ ಹತ್ತುವವರೆಲ್ಲ, "ಅಣ್ಣಾ, ಸುಖ ತಾನೆ?" ಅನ್ನುತ್ತಿದ್ದರು. ಅಣ್ಣ ಬಾಯಿ ತೆರೆಯುವ ಮೊದಲೇ ಡ್ರೈವರು, "ಫಸ್ಟ್ ಕ್ಲಾಸ್" ಅನ್ನುತ್ತಿದ್ದ. ಕೇಳಿದವರಿಗೆ ಸಂತೋಷ, ಹೇಳಿದವನಿಗೆ ಸಂತೋಷ.

ಮನೆಯಲ್ಲೂ ಹಾಗೇ. ಚಹಾ ಬೇಕಾ ಅಂತ ಅಣ್ಣನನ್ನು ಕೇಳಿ, ಹೆಂಡತಿ ತಾವೇ ಬೇಕು ಅಂದುಕೊಂಡು ತಂದುಕೊಡುತ್ತಿದ್ದರು. ಆಸ್ಪತ್ರೆಯ ಚೆಕಪ್ಪಿಗೆ ಹೋದಾಗ ತಮ್ಮ ಮಾತಾಡುತ್ತಿದ್ದ. ಆ ತಮ್ಮ ಗದ್ದೆ ಕೆಲಸದವನು, ಅಣ್ಣನೆಂದರೆ ಪ್ರಾಣ, ಮಲಯಾಳ ನೀರು ಕುಡಿದ ಹಾಗೆ. ಹೆಂಡತಿ ಹೆಗ್ಗಡದೇವನಕೋಟೆ ಕಡೆಯಿಂದ ಬಂದವರು, ಅವರ ಮಲಯಾಳ ಮೀನಿನ ಅಂಗಡಿಗೆ ಸಾಕು, ಡಾಕ್ಟರಿಗೆ ಸಾಲದು. ಡಾಕ್ಟರು ಹೇಗಿದ್ದಾರೆ ಅಂತ ಕೇಳಿದರೆ ತಮ್ಮ, "ಕೊಳಪ್ಪಮಿಲ್ಲ" ಅನ್ನುತ್ತಿದ್ದ. ಏನೂ ತೊಂದರೆ ಇಲ್ಲ ಅಂತ ಅರ್ಥ. ವಯನಾಡಿನ ಅರ್ಧ ಕಾಯಿಲೆಗಳು ಈ ಒಂದು ಮಾತಿನ ಹಿಂದೆ ಅಡಗಿ ಕೂತಿರುತ್ತವೆ. ಹೊರಗೆ ಉದ್ದ ಕ್ಯೂ ಇರುವಾಗ ಯಾವ ಡಾಕ್ಟರು ಆ ಮಾತನ್ನು ಬಗೆದು ನೋಡುತ್ತಾರೆ? ಅದೇ ಮಾತ್ರೆ ಬರೆದು ಕಳಿಸುತ್ತಿದ್ದರು.

ಕರಿಮೆಣಸು ಕೊಯ್ಯುವ ಕಾಲಕ್ಕೆ ಅಣ್ಣ ಬಸ್ಸಿನಲ್ಲಿ ಮಾತಾಡುವುದು ನಿಂತಿತ್ತು. ನಾನು ಹತ್ತಿದರೆ ನೋಡುತ್ತಿದ್ದರು, ಅಷ್ಟೆ. ಒಂದು ದಿನ ನನ್ನನ್ನೇ ಬಹಳ ಹೊತ್ತು ನೋಡಿ, "ಎಲ್ಲಿಗೆ?" ಅಂತ ಕೇಳಿದರು. ಅವರು ನನ್ನನ್ನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ತೋಲ್ಪೆಟ್ಟಿ ಅಂದೆ. ತಲೆಯಾಡಿಸಿದರು. ಸ್ಕೂಲಿಗೆ ಹೋಗಿ ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ, ನಾಚಿಕೆಯೇನಿಲ್ಲ ಹೇಳಿಕೊಳ್ಳಲು.

ತಲೆಗೆ ಪೆಟ್ಟು ಬಿದ್ದರೆ ಹಾಗೇ ಅಂತ ಊರು ತೀರ್ಮಾನ ಮಾಡಿತು. ಒಬ್ಬರು ತಿರುನೆಲ್ಲಿಗೆ ಹರಕೆ ಹೇಳಿಕೊಳ್ಳಿ ಅಂದರು, ಹೇಳಿಕೊಂಡರು. ಒಬ್ಬರು ಸೋಮಾರಿತನ ಅಂದರು, ಕೂತು ಉಣ್ಣುವ ರುಚಿ ಹತ್ತಿದೆ ಅಂದರು. ಅವರ ಮನೆ ಮುಂದಿನ ತಂತಿಯ ಮೇಲೆ ದಿನಾ ಹೊದಿಕೆ, ಪಂಚೆ, ಚಾಪೆ ಒಣಗುತ್ತಿದ್ದವು. ಅದನ್ನು ನೋಡಿದವರು ಈ ಹೆಂಗಸಿಗೆ ಎಷ್ಟು ಶುಚಿ ಅಂತ ಹೊಗಳಿಕೊಂಡು ಹೋಗುತ್ತಿದ್ದರು.

ಕೊನೆಗೆ ಬಸ್ಸಿಗೆ ಹತ್ತಿಸುವುದೂ ಕಷ್ಟವಾಗಿ ಅಣ್ಣ ಮನೆಯಲ್ಲೇ ಉಳಿದರು. ಪಂಚಾಯ್ತಿ ಕಡೆಯಿಂದ ಏಳಲಾಗದ ರೋಗಿಗಳ ಮನೆಗೆ ಜೀಪಿನಲ್ಲಿ ಬರುವ ಒಂದು ತಂಡ ಇತ್ತು, ನರ್ಸು, ಒಮ್ಮೊಮ್ಮೆ ಡಾಕ್ಟರು. ಆ ಜೀಪು ಯಾವ ಮನೆ ಮುಂದೆ ನಿಂತರೂ ನಮ್ಮವರು ದನಿ ತಗ್ಗಿಸುತ್ತಾರೆ. ಅಣ್ಣನ ಮನೆಗೂ ಬರುತ್ತೆ ಅಂತಾದಾಗ ಅವರ ಹೆಂಡತಿ ನನ್ನ ಹತ್ತಿರ ಬಂದರು. "ಡಾಕ್ಟರಮ್ಮ ಮಲಯಾಳ ಬೇಗ ಬೇಗ ಮಾತಾಡ್ತಾರಂತೆ. ಶನಿವಾರ ನೀವೂ ಒಂದು ಗಳಿಗೆ ಬಂದಿರಿ" ಅಂದರು. ಹೋದೆ.

ಡಾಕ್ಟರಮ್ಮ ಚಿಕ್ಕ ಆಳು, ದೊಡ್ಡ ಚಪ್ಪಲಿ, ಸಿಡುಕು ಮುಖ. ಅಣ್ಣನನ್ನು ಜಗಲಿಯಲ್ಲಿ ಕೂರಿಸಿ ತಮ್ಮನೂ ಡ್ರೈವರೂ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರಮ್ಮ ಊಟ ಹೇಗೆ ಅಂತ ಕೇಳಿದರು. ತಮ್ಮ ಕೊಳಪ್ಪಮಿಲ್ಲ ಅಂದ. ನಿದ್ದೆ? ಕೊಳಪ್ಪಮಿಲ್ಲ. ನಡೆಯೋದು?

"ನಾವು ನಡೆಸ್ತೀವಿ ಡಾಕ್ಟರ್. ಒಂದು ಹೆಜ್ಜೆಯೂ ಒಬ್ಬರೇ ಇಡೋಕೆ ಬಿಡಲ್ಲ," ಅಂದ ತಮ್ಮ ಹೆಮ್ಮೆಯಿಂದ.

"ನೀವು ನಡೆಸ್ತೀರಿ, ಸರಿ. ಅವರು ನಡೀತಾರಾ?"

ನಿಜ ಹೇಳಬೇಕೆಂದರೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರಮ್ಮ ತಮ್ಮನನ್ನೂ ಡ್ರೈವರನ್ನೂ ಅಂಗಳದ ತುದಿಗೆ ಕಳಿಸಿದರು. ತಾವು ಅಣ್ಣನ ಪಕ್ಕದಲ್ಲೇ, ಮುಟ್ಟದೆ, ಬಿದ್ದರೆ ಹಿಡಿಯುವಷ್ಟು ಹತ್ತಿರ ನಿಂತು, ಎದ್ದು ಬನ್ನಿ ಅಂದರು. ಅಣ್ಣ ಎದ್ದರು. ಎರಡು ಕಾಲನ್ನೂ ಅಗಲವಾಗಿ ಇಟ್ಟು ನಿಂತರು. ಹೊರಡಬೇಕು ಅಂತ ಮೈ ಮುಂದೆ ಹೋಗುತ್ತಿತ್ತು, ಪಾದ ಮಾತ್ರ ನೆಲಕ್ಕೆ ಅಂಟು ಹಾಕಿದ ಹಾಗೆ ಏಳುತ್ತಿರಲಿಲ್ಲ. ಆಮೇಲೆ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ, ಎತ್ತದೆ ಉಜ್ಜಿಕೊಂಡು, ಕಂಬದವರೆಗೆ ಹೋದರು. ತಿರುಗಲು ನಿಂತಲ್ಲೇ ಎಷ್ಟೋ ಹೆಜ್ಜೆ ಬೇಕಾಯಿತು. ಅಂಗಳದಿಂದ ಓಡಿ ಬರಲು ಹೊರಟ ಡ್ರೈವರನ್ನು ಡಾಕ್ಟರಮ್ಮ ಕೈ ಎತ್ತಿ ನಿಲ್ಲಿಸಿದರು. ಆ ಮನುಷ್ಯ ಹಾಗೆ ನಡೆಯುವುದನ್ನು ನೋಡಿ ಅವನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಆಪರೇಷನ್ ಆಗಿ ಮನೆಗೆ ಬಂದಾಗ ಹೀಗೇ ಇದ್ದರಾ? ಇವರ ಹೆಂಡತಿಯನ್ನು ಕೇಳಿ. ಅವರೇ ಹೇಳಬೇಕು" ಅಂದರು.

ಕೇಳಿದೆ. "ಇಲ್ಲ, ಚೆನ್ನಾಗಿದ್ರು. ದೇವಸ್ಥಾನಕ್ಕೆ ಒಬ್ರೇ ಹೋಗ್ತಿದ್ರು. ರೇಡಿಯೋ ಬಿಚ್ಚಿ ರಿಪೇರಿ ಮಾಡಿದ್ರು. ಆಮೇಲೆ ಮೆಲ್ಲಗೆ ಹೀಗಾಯ್ತು."

"ಮೊದಲು ಚೆನ್ನಾಗಿದ್ದು ಆಮೇಲೆ ಹೀಗಾದದ್ದಾ? ಸರಿಯಾಗಿ ಕೇಳಿ."

ಇನ್ನೊಮ್ಮೆ ಕೇಳಿದೆ. ಅದೇ ಉತ್ತರ. ಡಾಕ್ಟರಮ್ಮನ ಸಿಡುಕು ಎಲ್ಲಿ ಹೋಯಿತೋ. ಗಂಡಸರೆಲ್ಲ ತೋಟದ ಕಡೆ ಹೋಗಿ ಅಂದರು. ಅವರು ಹೋದ ಮೇಲೆ ಹೆಂಡತಿಯ ಪಕ್ಕ ಕೂತು ತಮ್ಮದೇ ಹರುಕು ಕನ್ನಡದಲ್ಲಿ, "ಮೂತ್ರ? ಬಟ್ಟೆಯಲ್ಲಿ?" ಅಂದರು. ಆಕೆ ತಂತಿಯ ಮೇಲಿನ ಬಟ್ಟೆಗಳ ಕಡೆ ನೋಡಿದರು, ಹೂಂ ಅಂದರು, ಸೆರಗು ಬಾಯಿಗೆ ಒತ್ತಿಕೊಂಡರು. ಮೈದುನನಿಗೂ ಹೇಳಿರಲಿಲ್ಲ. ಊರಿಗೆಲ್ಲ ಜಾಗ ತೋರಿಸಿ ಕೂರಿಸಿದ ಮನುಷ್ಯನ ಮರ್ಯಾದೆ ಹೋಗಬಾರದು ಅಂತ ಬೆಳಕು ಹರಿಯುವ ಮುಂಚೆ ಒಗೆದು ಹಾಕುತ್ತಿದ್ದರು. ಅವರಿಗೆ ನೀರು ಕೊಡುವುದನ್ನೂ ಕಡಿಮೆ ಮಾಡಿದ್ದರು.

ನಡಿಗೆ, ಮರೆವು, ಇದು, ಮೂರೂ ಸೇರಿ ಬಂದಿವೆ, ಅದೂ ಒಂದು ಸಲ ಚೇತರಿಸಿಕೊಂಡ ಮೇಲೆ ಬಂದಿವೆ, ಅದೇ ಮುಖ್ಯ ಅಂದರು ಡಾಕ್ಟರಮ್ಮ. ಪೆಟ್ಟು ತಿಂದ ಮಿದುಳು ಸುಧಾರಿಸಿ ನಿಲ್ಲಬಹುದು, ಆದರೆ ಸುಧಾರಿಸಿದ್ದು ಮತ್ತೆ ಇಳಿಯತೊಡಗಿದರೆ ಪೆಟ್ಟಿನ ಲೆಕ್ಕಕ್ಕೆ ಬರೆದು ಸುಮ್ಮನಿರಬಾರದು, ಹೊಸದೇನೋ ಆಗಿದೆಯಾ ನೋಡಬೇಕು. ಮಿದುಳಿನ ಒಳಗೂ ಸುತ್ತಲೂ ನೀರು ಹುಟ್ಟುತ್ತಾ ಹೀರಿಹೋಗುತ್ತಾ ಇರುತ್ತದಂತೆ. ತಲೆಗೆ ಪೆಟ್ಟಾದ ಕೆಲವರಿಗೆ ತಿಂಗಳುಗಳ ಮೇಲೆ ಆ ನೀರು ಹೋಗುವ ದಾರಿ ಕೆಟ್ಟು, ಒಳಗೇ ತುಂಬಿಕೊಂಡು ಮಿದುಳನ್ನು ಒತ್ತುತ್ತದೆ. ಹೈಡ್ರೋಸೆಫಲಸ್ ಅಂತ ಹೆಸರು. "ಅದೇ ಅಂತ ಈಗಲೇ ಹೇಳಲ್ಲ. ಸ್ಕ್ಯಾನ್ ನೋಡಬೇಕು. ಅದೇ ಆಗಿದ್ದರೆ ದಾರಿ ಇದೆ," ಅಂದರು. ತೋಟದಿಂದ ಬಂದ ತಮ್ಮನಿಗೆ ನಾನು ಇದನ್ನೆಲ್ಲ ಹೇಳಿದೆ. ಅವನು, "ಗದ್ದೆಯ ತೂಬು ಕಟ್ಟಿಕೊಂಡ ಹಾಗಾ?" ಅಂದ. ಹಾಗೇ ಅಂದೆ.

ಕಲ್ಪೆಟ್ಟದಲ್ಲಿ ಸ್ಕ್ಯಾನ್ ಆಯಿತು. ನೀರು ತುಂಬಿತ್ತು. ಕೋಯಿಕ್ಕೋಡಿನ ದೊಡ್ಡ ಡಾಕ್ಟರು ತಲೆಯಿಂದ ಚರ್ಮದ ಕೆಳಗೇ ಹೊಟ್ಟೆಯವರೆಗೆ ಒಂದು ಸಣ್ಣ ಟ್ಯೂಬ್ ಹಾಕಬೇಕು ಅಂದರು. ಎಲ್ಲರಿಗೂ ಒಂದೇ ಥರ ಗುಣವಾಗುವುದಿಲ್ಲ ಅಂತಲೂ, ಟ್ಯೂಬ್ ಕಟ್ಟಿಕೊಂಡರೆ ಮತ್ತೆ ಬರಬೇಕಾಗುತ್ತದೆ ಅಂತಲೂ ಬಿಚ್ಚಿ ಹೇಳಿದರು.

ತಮ್ಮ ಬೇಡ ಅಂದ. ಅವನ ಭಯ ನನಗೆ ಅರ್ಥವಾಗುತ್ತಿತ್ತು. "ಒಂದು ಸಲ ತಲೆ ಕೊಯ್ದದ್ದು ಸಾಲದಾ? ಮೇಜಿನ ಮೇಲೆ ಏನಾದರೂ ಆದರೆ? ಹೀಗಾದರೂ ಕಣ್ಣೆದುರು ಇದ್ದಾರಲ್ಲ ಅತ್ತಿಗೆ. ನಾವು ನೋಡಿಕೊಳ್ತೀವಿ. ಸಾಯೋವರೆಗೂ ನೋಡಿಕೊಳ್ತೀವಿ" ಅಂದ. ಬಾಯಿಮಾತಲ್ಲ, ನೋಡಿಕೊಳ್ಳುತ್ತಿದ್ದ ಅವನು. ಮೈದುನನ ಮಾತಿಗೆ ಎಂದೂ ಎದುರಾಡದ ಹೆಂಗಸು ಆಕೆ. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ನೆಲ ನೋಡುತ್ತಲೇ, "ನೀನು ನೋಡ್ಕೊಳ್ತೀಯ, ನನಗೆ ಗೊತ್ತು. ನಾನೂ ನೋಡ್ಕೊಳ್ತೀನಿ. ಆದರೆ ಇವರು ಒಳಗೆ ಎಲ್ಲೋ ಇದ್ದು, ನಾವು ಹೊರಗಿಂದ ನೋಡ್ಕೊಂಡು ಕೂತಿದ್ರೆ? ಹಾಗಾಗಬಾರದು. ಮಾಡ್ಸೋಣ" ಅಂದರು.

ಮೊದಲು ಸೊಂಟದ ಹತ್ತಿರ ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ನೋಡಿದರು. ಅದೇ ದಿನ ಮಧ್ಯಾಹ್ನ ವರಾಂಡದಲ್ಲಿ ಅಣ್ಣನ ಪಾದ ನೆಲ ಬಿಟ್ಟು ಎದ್ದಿತು. ಹೆಚ್ಚೇನಲ್ಲ, ಸ್ವಲ್ಪ. ನರ್ಸು ಮುಂದೆ, ಅಣ್ಣ ಹಿಂದೆ. ತಮ್ಮ ಗೋಡೆಗೆ ಒರಗಿ ನಿಂತು ಮುಖ ಮುಚ್ಚಿಕೊಂಡ. ಆಮೇಲೆ ಅವನು ಏನೂ ಅಡ್ಡಿ ಹೇಳಲಿಲ್ಲ.

ಟ್ಯೂಬ್ ಹಾಕಿದ ಮೇಲೆ ಮೊದಲು ಬಂದದ್ದು ನಡಿಗೆ. ಆಮೇಲೆ ತಂತಿಯ ಮೇಲೆ ಬಟ್ಟೆ ಕಡಿಮೆಯಾಯಿತು. ಮಾತು ನಿಧಾನವಾಗಿ ಬಂತು, ಕೊನೆಯವರೆಗೂ ಒಂಚೂರು ನಿಧಾನವೇ ಉಳಿಯಿತು. ಕಂಡಕ್ಟರ್ ಕೆಲಸಕ್ಕೆ ಅವರು ಮತ್ತೆ ಹೋಗಲಿಲ್ಲ. ಕಿವಿಯ ಹಿಂದೆ ಚರ್ಮದ ಕೆಳಗೆ ಎದ್ದು ಕಾಣುವ ಗಂಟನ್ನು ತೋರಿಸಿ, "ನನಗೂ ಈಗ ಒಂದು ನಲ್ಲಿ ಕನೆಕ್ಷನ್ ಆಗಿದೆ, ಪಂಚಾಯ್ತಿಯವರಿಗೆ ಹೇಳಬೇಡಿ" ಅನ್ನುತ್ತಿದ್ದರು. ಯಾರ ಮನೆಯಲ್ಲಾದರೂ ತಲೆಗೆ ಪೆಟ್ಟಾದವರಿದ್ದಾರೆ ಅಂತ ತಿಳಿದರೆ ಕೋಲು ಹಿಡಿದು ಹೊರಟೇಬಿಡುತ್ತಿದ್ದರು. ಸುಧಾರಿಸಿದ್ದಾರೆ ಅಂದರೂ ಬಿಡುತ್ತಿರಲಿಲ್ಲ, ಮುಂದಿನ ತಿಂಗಳು ಇನ್ನೊಮ್ಮೆ ಹೋಗುತ್ತಿದ್ದರು. ಮನೆಯವರು ಬಾಯಿ ಹಾಕಿದರೆ, "ನೀವು ಸ್ವಲ್ಪ ಆಚೆ ಹೋಗಿ, ನಾನು ಇವರನ್ನ ಕೇಳ್ತಿದ್ದೀನಿ" ಅಂತ ಗದರುತ್ತಿದ್ದರು. ಕೆಲವರಿಗೆ ಇದು ಕಿರಿಕಿರಿಯಾಗುತ್ತಿತ್ತು. ಆಗಲಿ ಬಿಡಿ.

ಒಂದು ಮಧ್ಯಾಹ್ನ ನಾನು ಅವರ ಮನೆಗೆ ಹೋಗಿದ್ದೆ. ಅಣ್ಣ ಜಗಲಿಯಲ್ಲಿದ್ದರು, ಹೆಂಡತಿ ಅಲ್ಲೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಬಹಳ ದಿನದಿಂದ ಕೇಳಬೇಕು ಅಂತಿದ್ದದ್ದನ್ನು ಕೇಳಿದೆ. "ಅಣ್ಣಾ, ಆ ತಿಂಗಳುಗಳಲ್ಲಿ ನಿಮಗೆ ಏನಾದರೂ ಗೊತ್ತಾಗ್ತಿತ್ತಾ?"

ಅವರ ಮಾತು ನಿಧಾನವಾಗಿ ಬಂತು. "ಎಷ್ಟೋ ನೆನಪಿಲ್ಲ ಟೀಚರೇ. ಕೆಲವು ಇದೆ. ನೀವೆಲ್ಲ ಕೇಳೋದು ಕೇಳಿಸ್ತಿತ್ತು. ಉತ್ತರ ಒಳಗಿಂದ ಹೊರಡ್ತಿತ್ತು. ಬಾಯಿಗೆ ಬರೋ ಹೊತ್ತಿಗೆ ತಮ್ಮನೋ ಡ್ರೈವರೋ ಹೇಳಿ ಮುಗಿಸಿರ್ತಿದ್ರು. ಮತ್ತೆ ಒಳಗೆ ಹೋಗ್ತಿತ್ತು."

ಅಣ್ಣ ಹೆಂಡತಿಯ ಕಡೆ ನೋಡಿದರು.

"ಒಂದಿನ ಇವಳು ನನ್ನ ಮುಖ ಹಿಡ್ಕೊಂಡು ಕೇಳಿದ್ಲು, ನಾನ್ಯಾರು ಗೊತ್ತಾಗುತ್ತಾ ಅಂತ. ಗೊತ್ತಾಗ್ತಿತ್ತು. ಹೆಸರು ಹೇಳೋಣ ಅಂತ ಹೊರಟೆ. ಇನ್ನೂ ನಾಲಿಗೆಗೆ ಬಂದಿರಲಿಲ್ಲ, ಇವಳು ಅಳ್ತಾ ಎದ್ದು ಒಳಗೆ ಹೋದ್ಲು."

ಮೊರದ ಮೇಲಿನ ಕೈ ನಿಂತಿತು. ಆಕೆಗೆ ಇದು ಗೊತ್ತಿರಲಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ಇಷ್ಟು ವರ್ಷ ಅವರು ಇದನ್ನು ಹೇಳಿರಲಿಲ್ಲ, ಆಕೆ ಕೇಳಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಇವಳೇ, ಏಯ್, ಕೇಳ್ತಾ, ಇದರಲ್ಲೇ ಆಯುಸ್ಸು ಕಳೆಯುತ್ತದೆ. ಆಕೆ ಮೊರವನ್ನು ಪಕ್ಕಕ್ಕಿಟ್ಟರು. ನಾನಿದ್ದೇನೆ ಅನ್ನುವುದನ್ನೂ ಮರೆತು, ಗಂಡನ ಎದುರಿಗೆ ತಿರುಗಿ ಕೂತರು.

"ಈಗ ಹೇಳಿ" ಅಂದರು. "ನಾನೆಲ್ಲೂ ಹೋಗಲ್ಲ."

ಅಣ್ಣನಿಗೆ ಸಂಕೋಚ. ನನ್ನ ಕಡೆ ನೋಡಿದರು, ಅಂಗಳ ನೋಡಿದರು, ಕೋಲು ನೆಟ್ಟಗೆ ಮಾಡಿಕೊಂಡರು. ಬಾಯಿ ತೆರೆದು ಮುಚ್ಚಿದರು. ಆಕೆ ಕದಲಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ, ಕಾದರು. ಆಮೇಲೆ ಅವರು ಹೆಂಡತಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ, ಪೂರ್ತಿಯಾಗಿ, ಹೇಳಿದರು.